ಕೊನೆಯ ನೆಗ್ಗು

“ಹೊಟ್ಟೇಲಿ ಉರಿ ಇಟ್ಕೊಂಡು ಈ ಗಾಡಿಗೆ ಸುತ್ತಿಗೆ ತಾಗಿಸಬೇಡಪ್ಪ,” ಎಂದಳು ಸೀಟು ಹೊಲಿಯುವ ಮುದುಕಿ.

ಗಾಡಿಗಳ ನೆಗ್ಗು ತೆಗೆಯುವ ಟಿಂಕರ್ ನಕ್ಕ. “ಹೊಟ್ಟೆ ತಣ್ಣಗಿರೋರೇ ಸುತ್ತಿಗೆ ಹಿಡೀಬೇಕು ಅಂದ್ರೆ ಪ್ರಪಂಚದಲ್ಲಿ ಒಂದು ಗಾಡಿನೂ ರಿಪೇರಿ ಆಗಲ್ಲ, ಅಜ್ಜಿ.”

“ನಗು, ನಗು. ಬಾಗಿಲ ಒಳಗೆ ಏನಾದ್ರೂ ಸಿಕ್ಕಿದ್ರೆ ಮಾತ್ರ ನನ್ನ ಕೈಗೆ ಕೊಡು.” ಅವಳು ಹಲ್ಲಿನಲ್ಲಿ ದಾರ ಕಚ್ಚಿ ತುಂಡರಿಸಿ, ಗ್ಯಾರೇಜಿನ ಮೂಲೆಯ ತನ್ನ ಹೊಲಿಗೆ ಯಂತ್ರದತ್ತ ನಡೆದಳು.

ಕಾರು ಹಿಂಬದಿಯ ಶೆಡ್ಡಿನಲ್ಲಿ ನಿಂತಿತ್ತು. ನಲವತ್ತು ವರ್ಷದ ಹಿಂದೆ ಒಬ್ಬ ಸಿನಿಮಾ ನಾಯಕ, ಅಂಕುಡೊಂಕಿಲ್ಲದ ರಸ್ತೆಯಲ್ಲಿ, ಎದುರಿಗೆ ಒಂದು ನಾಯಿಯೂ ಇಲ್ಲದ ಹೊತ್ತಿನಲ್ಲಿ, ಇದರೊಳಗೆ ಕೂತು ಮೂರು ಪಲ್ಟಿ ಹೊಡೆದು ಸತ್ತಿದ್ದ. ಈಗ ಯಾರೋ ಹಣವಂತರು ಅದನ್ನು ಹೊಸದರಂತೆ ಮಾಡಿಸಿ ಜನರಿಗೆ ತೋರಿಸಲು ಹೊರಟಿದ್ದರು. ಮೂರು ಗ್ಯಾರೇಜುಗಳು ಒಲ್ಲೆ ಎಂದಿದ್ದವು. ಈ ಗ್ಯಾರೇಜಿನ ಮಾಲೀಕ ಒಪ್ಪಿದ್ದ. ಕತೆ ಗೊತ್ತಿಲ್ಲದ ಈ ಹೊಸ ಟಿಂಕರ್ ಕೆಲಸಕ್ಕೆ ಸೇರಿ ಆರು ತಿಂಗಳಷ್ಟೇ ಆಗಿತ್ತು.

ಕತೆಯನ್ನು ಚಹಾದ ಹೊತ್ತಿಗೆ ಮಾಲೀಕನೇ ಹೇಳಿದ. ನಾಯಕನಿಗೆ ಒಬ್ಬ ಡ್ಯೂಪ್ ಇದ್ದ. ಬೆಂಕಿಗೆ ಹಾರುವವನು ಇವನು, ಪೋಸ್ಟರಿನಲ್ಲಿ ನಗುವವನು ಅವನು. ಡ್ಯೂಪ್ ಹೊಟ್ಟೆಕಿಚ್ಚಿಗೆ ಮಾಟ ಮಾಡಿಸಿ ಕಾರಿನ ಬಾಗಿಲೊಳಗೆ ಇಟ್ಟ. ನಾಯಕ ಹೋದ ಮೇಲೂ ಅದು ನಿಲ್ಲಲಿಲ್ಲ.

“ಎಂಜಿನ್ ಬಿಚ್ಚಿದವನ ಅಣ್ಣ ಸತ್ತ. ಚಕ್ರ ಬಿಚ್ಚಿದವನ ಪಾಲುದಾರ ಸತ್ತ. ಬಿಚ್ಚಿದೋರಿಗೆ ಮಾತ್ರ ಏನೂ ಆಗಲಿಲ್ಲ ನೋಡು,” ಎಂದ ಮಾಲೀಕ.

“ಹಾಗಾದ್ರೆ ಒಳ್ಳೇ ಗಾಡಿನೇ ಅಲ್ವಾ,” ಎಂದ ಟಿಂಕರ್.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಪೇಂಟರ್.

ಪೇಂಟರ್ ಟಿಂಕರನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಈ ಕೆಲಸ ಕೊಡಿಸಿದವನೂ ಅವನೇ. ಅದನ್ನು ಅತ್ತೆ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಯಾರಾದರೂ ನೆನಪಿಸುತ್ತಿದ್ದರು. ಎರಡು ಸಂಸಾರಗಳೂ ಅತ್ತೆಯ ಮನೆಯಲ್ಲೇ ಇದ್ದವು. ಮೊದಲ ತಟ್ಟೆ ಪೇಂಟರನಿಗೆ, ಕಿಟಕಿ ಪಕ್ಕದ ಕುರ್ಚಿ ಪೇಂಟರನಿಗೆ. ಅವನು ಕೆಟ್ಟವನಾಗಿದ್ದರೆ ಟಿಂಕರನ ಅರ್ಧ ಸಂಕಟ ಕಡಿಮೆಯಾಗುತ್ತಿತ್ತು. ಅವನು ಕುರ್ಚಿಯಿಂದ ಎದ್ದು “ನೀನು ಕೂತ್ಕೊ ಅಣ್ಣ” ಎನ್ನುತ್ತಿದ್ದ. ಆ ಎದ್ದು ನಿಲ್ಲುವುದನ್ನೂ ಅತ್ತೆ ಹೊಗಳುತ್ತಿದ್ದಳು.

ಇದೆಲ್ಲ ಸಣ್ಣದು. ದೊಡ್ಡ ಗಾಯ ಬೇರೆ ಇತ್ತು. ಜಜ್ಜಿಹೋದ ಗಾಡಿಯನ್ನು ಟಿಂಕರ್ ಹದಿನೈದು ದಿನ ಬಡಿದು, ನೀವಿ, ಕಾಯಿಸಿ, ತಣಿಸಿ ಮೊದಲಿನ ಆಕಾರಕ್ಕೆ ತರುತ್ತಾನೆ. ಪೇಂಟರ್ ಎರಡು ದಿನ ಅದರ ಮೇಲೆ ಬಣ್ಣ ಹೊಡೆಯುತ್ತಾನೆ. ಗಿರಾಕಿ ಬಂದವನೇ ಬಣ್ಣದಲ್ಲಿ ಮುಖ ನೋಡಿಕೊಂಡು “ಆಹಾ, ಯಾರು ಮಾಡಿದ್ದು?” ಎನ್ನುತ್ತಾನೆ. ಟಿಂಕರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಾನೋ ಅಷ್ಟೂ ಅವನು ಕಾಣದೆ ಹೋಗುತ್ತಾನೆ. ಇಪ್ಪತ್ತೆರಡು ವರ್ಷದಿಂದ ಅವನು ಹೀಗೆ ಕಾಣದೆ ಬದುಕಿದ್ದ.

ಬಾಗಿಲ ಒಳಗೆ ಅದು ಸಿಕ್ಕಿತು. ಬೆರಳುದ್ದದ ತಾಮ್ರದ ತಗಡಿನ ಸುರುಳಿ, ಕರಿ ಮೇಣ, ಮೇಣದಲ್ಲಿ ಅಂಟಿದ ಕೂದಲು. ಮುಖಕ್ಕೆ ಬಳಿಯುವ ಬಣ್ಣದ ಸಿಹಿ ವಾಸನೆ, ಅದರಡಿ ಸುಟ್ಟ ಕೂದಲಿನ ಕಮಟು. ಮುದುಕಿ ಊಟಕ್ಕೆ ಹೋಗಿದ್ದಳು. ಬಾಗಿಲ ತಳದಲ್ಲಿ ತುಕ್ಕು ತಿಂದ ಒಂದು ತೂತು ಇತ್ತು. ತಾಮ್ರ ಬಿಸಾಕುವ ಟಿಂಕರ್ ಇನ್ನೂ ಹುಟ್ಟಿಲ್ಲ. ಅವನು ಗ್ಯಾಸಿನ ಉರಿ ಹಚ್ಚಿ ಸುರುಳಿಯನ್ನು ಅಲ್ಲೇ ಕರಗಿಸಿ ತೂತು ಮುಚ್ಚಿದ. ಉರಿ ಹಸಿರಾಯಿತು. ತಾಮ್ರ ನೀರಿನಂತೆ ಹರಿದು ಕಬ್ಬಿಣದೊಳಗೆ ಇಳಿಯಿತು.

ಆಮೇಲೆ ಎಡ ಮಡ್ಗಾರ್ಡಿಗೆ ಕೈ ಹಚ್ಚಿದ.

ಟಿಂಕರನಿಗೆ ಕಣ್ಣಿಗಿಂತ ಅಂಗೈ ಮುಖ್ಯ. ಕಣ್ಣು ಮುಚ್ಚಿ ತಗಡಿನ ಮೇಲೆ ಅಂಗೈ ಸರಿಸಿದರೆ ಕೂದಲೆಳೆಯ ತಗ್ಗೂ ತಿಳಿಯಬೇಕು. ಮಡ್ಗಾರ್ಡಿನ ನೆಗ್ಗು ಅರ್ಧಚಂದ್ರದಂತಿತ್ತು, ತುದಿಯಲ್ಲೊಂದು ಗಿಡ್ಡ ಬಾಲ. ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದ. ಬಡಿದ. ಒಂದೊಂದು ಪೆಟ್ಟಿಗೂ ಆ ಕುರ್ಚಿ, ಆ ತಟ್ಟೆ, ಆ ನಗು. ತಗಡು ಎಂದೂ ಇಷ್ಟು ಸಲೀಸಾಗಿ ಬಂದಿರಲಿಲ್ಲ. ಬೆನ್ನು ತುರಿಸಿದರೆ ಬೆನ್ನು ಕೊಡುವ ಬೆಕ್ಕಿನಂತೆ ಕೈಗೆ ಎದ್ದು ಬಂತು.

ಸಂಜೆ ಪೇಂಟರ್ ಎಡ ಭುಜ ಹಿಡಿದುಕೊಂಡು ನಿಂತಿದ್ದ. “ಕಂಪ್ರೆಸರ್ ಪೈಪು ಎಳೆಯೋವಾಗ ಉಳುಕಿರಬೇಕು ಅಣ್ಣ.” ಅಂಗಿ ಸರಿಸಿ ತೋರಿಸಿದ. ನೀಲಿಗಟ್ಟಿದ ಅರ್ಧಚಂದ್ರ. ತುದಿಯಲ್ಲೊಂದು ಗಿಡ್ಡ ಬಾಲ.

ಟಿಂಕರ್ ಮಡ್ಗಾರ್ಡಿನ ಮೇಲಿದ್ದ ಸೀಮೆಸುಣ್ಣದ ಗೆರೆಯನ್ನು ತಿರುಗಿ ನೋಡಿದ. ಮರುದಿನ ಕಾರಿನ ಬಾಗಿಲಿನ ನೆಗ್ಗು ಬಡಿಯಲು ಕೂತಾಗ, ಪರೀಕ್ಷೆ ಮಾಡಿ ನೋಡುತ್ತಿದ್ದೇನೆ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡ. ನಾಲ್ಕನೇ ಪೆಟ್ಟಿಗೆ ಬಣ್ಣದ ಕೋಣೆಯ ಪ್ಲಾಸ್ಟಿಕ್ ಪರದೆಯ ಆಚೆ ಷಡ್ಡಕ ಕೆಮ್ಮಿದ. ಆರನೆಯದಕ್ಕೆ ನರಳಿದ. ಪರೀಕ್ಷೆ ಅಲ್ಲಿಗೇ ಮುಗಿಯಬೇಕಿತ್ತು. ಟಿಂಕರ್ ಬಾಗಿಲನ್ನು ಪೂರ್ತಿ ಮಾಡಿಯೇ ಎದ್ದ.

ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ ಎಂದರು ಡಾಕ್ಟರು. ಪಟ್ಟಿ ಸುತ್ತಿಸಿಕೊಂಡು ಪೇಂಟರ್ ಮರುದಿನವೇ ಕೆಲಸಕ್ಕೆ ಬಂದ.

“ತಂಗಿಗೆ ಐದು ತಿಂಗಳು,” ಎಂದಳು ಹೆಂಡತಿ ಬೆಳಿಗ್ಗೆ ಬುತ್ತಿ ಕಟ್ಟುತ್ತ. “ರೀ, ಅವರನ್ನ ಸ್ವಲ್ಪ ನೋಡ್ಕೊಳ್ಳಿ. ಆ ಕೈಗೆ ಏನೂ ಆಗದಿದ್ರೆ ಸಾಕು. ಎಂಥಾ ಕೈ ಅದು.”

ಅವನು ತನ್ನ ಕೈ ನೋಡಿಕೊಂಡ. ಅದರ ಬಗ್ಗೆ ಅವಳು ಯಾವತ್ತೂ ಏನೂ ಹೇಳಿರಲಿಲ್ಲ.

ಈಗ ಉಳಿದದ್ದು ಚಾವಣಿಯ ನೆಗ್ಗು ಒಂದೇ. ಚಾಲಕನ ಸೀಟಿನ ನೇರ ಮೇಲೆ, ಬಟ್ಟಲಿನಷ್ಟು. ನಾಯಕನ ತಲೆ ಒಡೆದದ್ದು ಅಲ್ಲಿ. ಅದು ಯಾರ ಮೈಯ ಯಾವ ಜಾಗಕ್ಕೆ ಹೋಗುತ್ತದೆಂದು ಟಿಂಕರನಿಗೆ ತಿಳಿದಿತ್ತು. ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೇ ದಿನ ಮುದುಕಿಯ ಎದುರು ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದ.

ಹೊಲಿಗೆ ಯಂತ್ರ ನಿಂತಿತು. “ಕರಗಿಸಿದೆಯಾ? ಇಷ್ಟು ದಿನ ಬಾಗಿಲಲ್ಲಿತ್ತು. ಈಗ ಗಾಡಿ ಮೈಗೇ ಹತ್ತಿಸಿಬಿಟ್ಟೆ.”

“ಬೈಬೇಡ ಅಜ್ಜಿ. ದಾರಿ ಹೇಳು.”

“ತೆಗೆದ ನೆಗ್ಗನ್ನ ಅಲ್ಲಲ್ಲೇ ಮತ್ತೆ ಹಾಕು. ಇದ್ದ ಜಾಗಕ್ಕೇ. ಹೊಡೆಯುವಾಗ ಮನಸ್ಸಲ್ಲಿ ಕಿಚ್ಚಿರಬಾರದು. ಇದ್ದರೆ, ಇದ್ದಷ್ಟು ಅವನಲ್ಲೇ ಉಳಿಯುತ್ತೆ.”

ಅವನು ಶೆಡ್ಡಿಗೆ ಹೋಗಿ ನಿಂತ. ಬಣ್ಣವಿಲ್ಲದ ತಗಡು ಮಧ್ಯಾಹ್ನದ ಬೆಳಕಿನಲ್ಲಿ ಹಾಲಿನಂತೆ ತೇಲುತ್ತಿತ್ತು. ಜೀವನದಲ್ಲಿ ಮಾಡಿದ ಎಲ್ಲಕ್ಕಿಂತ ಒಳ್ಳೆಯ ಕೆಲಸ. ಚಾವಣಿ ಬಿಟ್ಟರೆ ಪುಟ್ಟಿ ಮೆತ್ತಲು ಒಂದು ಗುಳಿಯಿಲ್ಲ. ಅದನ್ನು ತಾನೇ ಜಜ್ಜುವುದೇ? ನಾಳೆ, ಎಂದುಕೊಂಡ.

ಮರುದಿನ ಪತ್ರಿಕೆಯ ಫೋಟೋಗ್ರಾಫರ್ ಬಂದ.

ಕಾರಿಗೆ ಇನ್ನೂ ಒಂದು ಹನಿ ಬಣ್ಣ ಬಿದ್ದಿರಲಿಲ್ಲ. ಆದರೂ ಅವನು ಕೇಳಿದ್ದು, “ಪೇಂಟರ್ ಯಾರು? ಹೆಸರು ಕೇಳಿದ್ದೀನಿ.” ಷಡ್ಡಕನನ್ನು ಬಾನೆಟ್ಟಿನ ಪಕ್ಕ ನಿಲ್ಲಿಸಿದ. ಷಡ್ಡಕ “ಇದೆಲ್ಲ ನಮ್ಮ ಅಣ್ಣನ ಕೆಲಸ” ಎಂದು ಟಿಂಕರನ ತೋಳು ಹಿಡಿದು ಎಳೆದ. ಫೋಟೋಗ್ರಾಫರ್ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಕೈಬೀಸಿದ.

“ಯಜಮಾನ್ರೇ, ಸ್ವಲ್ಪ ಆಚೆ ಹೋಗ್ತೀರಾ? ನಿಮ್ಮ ನೆರಳು ಬೀಳ್ತಿದೆ.”

ಟಿಂಕರ್ ಆಚೆ ಹೋದ.

ಊಟದ ನಂತರ ಮಾಲೀಕ ಉಳಿದವರನ್ನು ಹೊರಗೆ ಕಳಿಸಿ ಶಟರುಗಳನ್ನೆಲ್ಲ ಎಳೆಸಿದ. ಬಣ್ಣ ಹೊಡೆಯುವಾಗ ಧೂಳು ಬರಬಾರದು. ಹೊರಗೆ ಸುಡುವ ಬಿಸಿಲು, ಒಳಗೆ ಬಾವಿಯ ಕತ್ತಲೆ. ಥಿನ್ನರಿನ ಘಾಟು ಗಂಟಲಿಗೆ ಬಡಿಯುತ್ತಿತ್ತು. ಪರದೆಯ ಆಚೆ ಒಂದು ಮಸುಕು ಬಲ್ಬು, ಬಿಚ್ಚಿಟ್ಟ ಬಾಗಿಲುಗಳಿಗೆ ಪ್ರೈಮರ್ ಹೊಡೆಯುತ್ತಿದ್ದ ಷಡ್ಡಕನ ನೆರಳು, ಸ್ಪ್ರೇ ಗನ್ನಿನ ಬುಸ್ ಬುಸ್. ಈಚೆ ಕಾರು. ಅದರೊಳಗಿನಿಂದ ಮುಖಬಣ್ಣದ ಸಿಹಿ ವಾಸನೆ ಏಳುತ್ತಿತ್ತು. ಈಗ ಅದು ಹಸಿಯಾಗಿತ್ತು, ಯಾರೋ ಈಗಷ್ಟೇ ಬಳಿದುಕೊಂಡು ಸೀಟಿನಲ್ಲಿ ಕೂತಂತೆ.

ಅವನು ಒಳಗೆ ತೂರಿ ಚಾಲಕನ ಸೀಟಿನಲ್ಲಿ ಕೂತ. ತಲೆಯೆತ್ತಿದ. ನೆಗ್ಗು ಅವನ ಹಣೆಗೆ ತಾಗುವಂತೆ ಇಳಿಬಿದ್ದಿತ್ತು.

ನಿಮ್ಮ ನೆರಳು ಬೀಳ್ತಿದೆ.

ಒಂದು ಪೆಟ್ಟು. ಬುಸ್ ಬುಸ್ ನಿಂತಿತು.

ಎರಡು. ಪರದೆಯ ಆಚೆ ಲೋಹದ್ದೇನೋ ಬಿದ್ದು ಉರುಳಿತು.

ಸಾಕು ಎಂದಿತು ಮನಸ್ಸು. ಕೈ ಕೇಳಲಿಲ್ಲ.

ಮೂರು. ನಲವತ್ತು ವರ್ಷದ ನೆಗ್ಗು ಗುಳ್ಳೆ ಒಡೆದಂತೆ ಟಪ್ಪೆಂದು ಮೇಲೆದ್ದಿತು. ಚಾವಣಿ ನುಣ್ಣಗಾಯಿತು. ಗ್ಯಾರೇಜಿನಲ್ಲಿ ಉಸಿರಿನ ಸದ್ದೂ ಇರಲಿಲ್ಲ.

ಅವನು ಹೊರಗೆ ಬಿದ್ದು ಓಡಿದ. ಪರದೆ ಹರಿದ. ಷಡ್ಡಕ ಮೊಣಕಾಲ ಮೇಲಿದ್ದ. ಘಾಟಿಗೆ ಕಟ್ಟಿಕೊಂಡಿದ್ದ ಮಾಸ್ಕು ಕಳಚಿತ್ತು. ಹುಬ್ಬಿನ ಮೇಲೆ ತಲೆ ಒಳಕ್ಕೆ ಹೋಗಿತ್ತು, ಬಟ್ಟಲಿನಷ್ಟು. ಚರ್ಮ ಹರಿದಿರಲಿಲ್ಲ. ಕಿವಿಯಿಂದ ರಕ್ತ ಇಳಿಯುತ್ತಿತ್ತು.

“ಅಣ್ಣ, ಏನೋ ಆಗ್ತಿದೆ ನನಗೆ.”

ಐದು ತಿಂಗಳು, ಎಂಬುದೊಂದೇ ತಲೆಯಲ್ಲಿ. ಟಿಂಕರ್ ಮತ್ತೆ ಕಾರಿನತ್ತ ಓಡಿದ. ಮತ್ತೆ ಹಾಕಬೇಕು. ಇದ್ದ ಜಾಗಕ್ಕೇ. ಸುತ್ತಿಗೆ ಎತ್ತಿ ಎಡ ಅಂಗೈಯನ್ನು ಚಾವಣಿಯ ಮೇಲೆ ಸರಿಸಿದ. ನುಣುಪು. ಇನ್ನೊಮ್ಮೆ ಸರಿಸಿದ. ನುಣುಪು. ಕಣ್ಣು ಮುಚ್ಚಿದ. ಸೀಟಿನ ಮೇಲೆ, ಸರಿ, ಆದರೆ ಕೂದಲೆಳೆ ತಪ್ಪದಂತೆ ಎಲ್ಲಿತ್ತು? ಕತ್ತಲೆ, ಬೆವರು, ಥಿನ್ನರ್. ಒಂದು ಗುರುತಿಲ್ಲ. ಒಂದು ಗೆರೆಯಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದ.

“ಏನ್ ಹುಡುಕ್ತಿದ್ದೀಯ?” ಷಡ್ಡಕ ತೆವಳಿಕೊಂಡು ಬಂದು ಕಾರು ಹಿಡಿದು ಎದ್ದು ನಿಂತಿದ್ದ.

“ನೆಗ್ಗು. ಚಾವಣಿ ನೆಗ್ಗು. ಎಲ್ಲಿತ್ತು ಅಂತ ಸಿಗ್ತಿಲ್ಲ.”

ಷಡ್ಡಕ ಕಣ್ಣು ಮುಚ್ಚಿದ. ಬಣ್ಣ ಮೆತ್ತಿದ ಅಂಗೈಯನ್ನು ತಗಡಿನ ಮೇಲಿಟ್ಟು ನಿಧಾನವಾಗಿ ಸರಿಸಿದ. ನಿಲ್ಲಿಸಿದ.

“ಇಲ್ಲಿ.”

“ಖಂಡಿತಾನಾ?”

“ಬಣ್ಣ ಹೊಡೆಯೋಕೆ ಮುಂಚೆ ನಿನ್ನ ಕೆಲಸಾನ ಯಾವಾಗಲೂ ಹೀಗೆ ಮುಟ್ಟಿ ನೋಡ್ತೀನಿ ಅಣ್ಣ. ಯಾರಿಗೂ ಕಾಣಲ್ಲ ಅದು. ನನಗೆ ಗೊತ್ತಾಗುತ್ತೆ.” ಅವನು ಕೈ ತೆಗೆದ. ತಗಡಿನ ಮೇಲೆ ಬೂದು ಬಣ್ಣದ ಬೆರಳುಗಳು ಮೂಡಿದ್ದವು.

ಟಿಂಕರನ ಹೊಟ್ಟೆಯೊಳಗೆ ಏನೋ ಆರಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಒಬ್ಬ ನೋಡಿದ್ದ. ಒಬ್ಬನಿಗೆ ಗೊತ್ತಿತ್ತು. ಅವನು ಸುತ್ತಿಗೆಯನ್ನು ತಲೆಯ ಮೇಲೆತ್ತಿದ. ಕಣ್ಣು ತುಂಬಿತ್ತು. ಕೈ ಇಳಿಯತೊಡಗಿತು.

ನನಗೆ ಸಿಗದ್ದು ಇವನಿಗೆ ಸಿಕ್ಕಿತು.

ಸುತ್ತಿಗೆ ಅರ್ಧ ದಾರಿಯಲ್ಲಿತ್ತು. ಆ ಅಂಗೈಯೊಂದೇ ನನ್ನದು ಅಂದುಕೊಂಡಿದ್ದೆ. ಅದೂ ಇವನಿಗೆ ಇದೆ. ನನಗಿಂತ ಚೆನ್ನಾಗಿದೆ. ತಡೆಯಬೇಕೆಂದುಕೊಂಡ. ತಡೆಯಲಾಗಲಿಲ್ಲ.

ಸುತ್ತಿಗೆ ಬಿತ್ತು.

ಪೇಂಟರ್ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಎಂದರು ಎಲ್ಲರೂ. ತಲೆಯ ಗುಳಿ ಅರ್ಧ ತುಂಬಿಕೊಂಡಿತು, ಅರ್ಧ ಉಳಿಯಿತು. ಬದುಕಿದ. ಮೈಯ ಬಲಭಾಗ ಸತ್ತಿತು. ಮಾತು ಹೋಯಿತು, ಒಂದೇ ಒಂದು ಪದ ಬಿಟ್ಟು. ಚಾವಣಿ ನೆಗ್ಗಿರುವಂತೆಯೇ ಕಾರನ್ನು ಬೇರೆ ಕಡೆ ಸಾಗಿಸಿದರು. ಮಗು ಹುಟ್ಟಿತು.

ಈಗ ಅತ್ತೆ ಮನೆಯ ಊಟದ ಮೇಜಿನಲ್ಲಿ ಎಲ್ಲರೂ ಷಡ್ಡಕನನ್ನೇ ನೋಡುತ್ತಾರೆ. ನಾದಿನಿ ಮೆತ್ತಗೆ ಬೇಯಿಸಿ ಹಿಸುಕಿದ ಊಟವನ್ನು ಚಮಚದಲ್ಲಿ ಎತ್ತುತ್ತಾಳೆ. ಅತ್ತೆ ಅವನ ಗಲ್ಲ ಒರೆಸುತ್ತಾಳೆ. ಟಿಂಕರನ ಹೆಂಡತಿ, ತನ್ನ ತಟ್ಟೆ ಆರಿದರೂ, ಆ ಚಮಚ ಬಾಯಿ ಸೇರುವವರೆಗೆ ಉಸಿರು ಹಿಡಿದು ಕೂರುತ್ತಾಳೆ. ಟಿಂಕರನ ತಟ್ಟೆಯಲ್ಲಿ ಏನಿದೆ, ಏನಿಲ್ಲ ಎಂದು ಯಾರೂ ಕೇಳುವುದಿಲ್ಲ.

ಒಂದು ಮಧ್ಯಾಹ್ನ ಷಡ್ಡಕನ ಎಡಗೈ ಮೇಜಿನ ಮೇಲೆ ಚಲಿಸತೊಡಗಿತು. ಟಿಂಕರನ ಮಣಿಕಟ್ಟನ್ನು ಮುಟ್ಟಿತು. ತೋಳು ಹತ್ತಿ ಭುಜಕ್ಕೆ ಬಂತು. ಅಲ್ಲಿಂದ ನಿಧಾನವಾಗಿ, ಅಂಗೈ ಚಪ್ಪಟೆಯಾಗಿಟ್ಟು, ಎದೆಯ ಮೇಲೆ ಇಳಿಯಿತು. ಷಡ್ಡಕ ಕಣ್ಣು ಮುಚ್ಚಿದ್ದ. ಪಕ್ಕೆಲುಬುಗಳು ಮುಗಿಯುವಲ್ಲಿ ಕೈ ನಿಂತಿತು. ಒತ್ತಿತು.

“ಇಲ್ಲಿ,” ಎಂದ.

ಅತ್ತೆಯ ಕಣ್ಣಲ್ಲಿ ನೀರು ಬಂತು. “ನೋಡಿ ಅಳಿಯಂದ್ರೇ, ಈ ಸ್ಥಿತಿಯಲ್ಲೂ ನಿಮ್ಮ ಮೇಲೆ ಎಷ್ಟು ಪ್ರೀತಿ. ಎಂಥಾ ಮನಸ್ಸು ಅವರದ್ದು.”

“ಹೌದು,” ಎಂದ ಟಿಂಕರ್. ಆ ಅಂಗೈಯ ಅಡಿ ಅವನ ಹೊಟ್ಟೆ ಕೆಂಡವಾಗಿತ್ತು.