ಟರ್ಬೊ ಕಾರಿನ ಎಡಗಡೆ ಸೀಟು

ಹಿಂದಿನಿಂದ ಕರೆದರೆ ಓಗೊಡುವುದಿಲ್ಲ, ಎದುರಿಗೆ ನಿಂತರೆ ತುಟಿಯ ಮೇಲಿಂದ ಕಣ್ಣು ಕೀಳುವುದಿಲ್ಲ. ಇಂಥ ಗಂಡಸನ್ನು ಏನೆನ್ನಬೇಕು? ಓಬವ್ವ ಅವನಿಗೆ ಮನಸ್ಸಿನಲ್ಲೇ ಹಲವು ಹೆಸರಿಟ್ಟಿದ್ದಳು, ಒಂದೂ ನಾಲ್ಕು ಜನರೆದುರು ಹೇಳುವಂಥದ್ದಲ್ಲ.

ಹೊನ್ನಾಳಿಯ ಬಸ್‌ಸ್ಟ್ಯಾಂಡಿನ ಹಿಂದೆ ಅವಳ ಚಿಕ್ಕಮ್ಮ ಲಕ್ಷ್ಮಮ್ಮನ ಮಂಡಕ್ಕಿ ಭಟ್ಟಿ. ಪಕ್ಕದ ತಗಡಿನ ಶೆಡ್ಡಿನಲ್ಲಿ ದುರುಗಪ್ಪನ ಗ್ಯಾರೇಜು. ಅವನದು ಅಂದರೆ ಸುಳ್ಳಾದೀತು. ಜಾಗ, ಸಾಮಾನು ಎಲ್ಲ ನ್ಯಾಮತಿಯ ರೈಸ್‌ಮಿಲ್ಲಿನ ಹಾಲೇಶಪ್ಪನವರದು, ಮೈಮುರಿಯುವ ದುಡಿಮೆಯೊಂದು ಮಾತ್ರ ದುರುಗಪ್ಪನದು. ಜಗಳೂರು ಕಡೆಯ ಬಿಳಿಚೋಡಿನ ಆಳು, ಕೈ ಚೆನ್ನಾಗಿತ್ತು. ಚನ್ನಗಿರಿಯ ಲಾರಿಗಳೂ ಅವನನ್ನು ಹುಡುಕಿಕೊಂಡು ಬರುತ್ತಿದ್ದವು.

ಒಂದು ದಿನ ಓಬವ್ವ ತಡೆಯಲಾರದೆ ಕೇಳಿಯೇಬಿಟ್ಟಳು. "ಏನ್ರೀ, ನನ್ನ ತುಟಿ ಮ್ಯಾಲೆ ಏನಾದ್ರೂ ಬರ್ದೈತಾ?"

"ಬರ್ದೈತೆ. ಓದ್ತಾ ಇದೀನಿ," ಎಂದ ದುರುಗಪ್ಪ.

ಅವಳು ಸಿಟ್ಟಿನಿಂದ ಭಟ್ಟಿಗೆ ಬಂದು, ಬೆಂಕಿಗೆ ಬೇಡದಷ್ಟು ಹೊಟ್ಟು ಸುರಿದಳು. ಆಮೇಲೆ ಹೊಗೆಯ ಮರೆಯಲ್ಲಿ ನಕ್ಕಳು. ನಕ್ಕಿದ್ದಕ್ಕೆ ತನ್ನ ಮೇಲೇ ಮತ್ತೆ ಸಿಟ್ಟು ಬಂತು.

ನಿಜ ತಿಳಿದದ್ದು ಆ ವಾರದಲ್ಲೇ. ಲಾರಿಯೊಂದು ರಿವರ್ಸ್ ಬರುತ್ತಿತ್ತು. ಕ್ಲೀನರು ಗಂಟಲು ಹರಿಯುವಂತೆ ಕೂಗುತ್ತಿದ್ದರೂ ದುರುಗಪ್ಪ ಬೆನ್ನು ತಿರುಗಿಸಿ ಕೂತಲ್ಲೇ ಕೂತಿದ್ದ. ಓಬವ್ವ ಓಡಿ ಹೋಗಿ ಅಂಗಿ ಹಿಡಿದು ಎಳೆದಳು. ಇಬ್ಬರೂ ಗ್ರೀಸಿನ ಮಣ್ಣಿನಲ್ಲಿ ಬಿದ್ದರು. ಲಾರಿ ನೋಡಿ ಅವನ ಮುಖ ಬಿಳಿಚಿತು. ಅವಳು ಅವನ ಮುಖವನ್ನೇ ನೋಡಿದಳು, ಎಲ್ಲ ಅರ್ಥವಾಯಿತು.

ಜಗಳೂರಿನ ಕಡೆ ಕಲ್ಲು ಒಡೆಯುವ ಮೆಷಿನ್ನಿನ ಪಕ್ಕದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಎರಡೂ ಕಿವಿ ಹೋಗಿವೆ ಎಂದು ಅವನು ಹೇಳಿದ. ಮಾತನ್ನು ತುಟಿಯಿಂದ ತಿಳಿಯುತ್ತಾನೆ, ಎಂಜಿನ್ನಿನ ಕಾಯಿಲೆಯನ್ನು ಅಂಗೈ ಇಟ್ಟು ತಿಳಿಯುತ್ತಾನೆ.

"ಕಿವುಡ ಮೆಕ್ಯಾನಿಕ್ ಹತ್ರ ಯಾರು ಗಾಡಿ ಬಿಡ್ತಾರೆ? ಯಾರಿಗೂ ಹೇಳ್ಬ್ಯಾಡ ಓಬವ್ವ."

ಅವಳು ಅವನ ಮಸಿಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು. ಅಂದಿನಿಂದ ಅವನೊಂದಿಗೆ ಮಾತಾಡುವಾಗ ಬೆಳಕಿಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಅವನು ಓದುತ್ತಾನೆಂದು ಗೊತ್ತಾದ ಮೇಲೆ ಆ ತುಟಿಗಳಿಗೂ ಸ್ವಲ್ಪ ಬಿಂಕ ಬಂದಿತ್ತು. ಒಂದೇ ಮಾತನ್ನು ಎರಡು ಸಲ ಹೇಳಿಸಿಕೊಳ್ಳುವುದು ಅವನಿಗೂ ರೂಢಿಯಾಯಿತು. ಮೊದಲ ಸಲವೇ ತಿಳಿದಿರುತ್ತಿತ್ತು ಎಂಬುದು ಅವಳಿಗೂ ಗೊತ್ತಿತ್ತು.

ಎಂಬತ್ತಾರರ ಬೇಸಿಗೆಯಲ್ಲಿ ಹಾಲೇಶಪ್ಪ ತಮ್ಮ ಫಿಯೆಟ್ ಕಾರನ್ನು ತಂದು ನಿಲ್ಲಿಸಿದರು. ಅಳಿಯನಿಗೆ ಕಾರ್ ರೇಸಿನ ಹುಚ್ಚು. ಬೊಂಬಾಯಿಯ ಗುಜರಿಯಿಂದ ಒಂದು ಟರ್ಬೊ ತರಿಸಿದ್ದರು. ಬಸವನಹುಳದ ಚಿಪ್ಪಿನಂಥ ಆ ಕಬ್ಬಿಣದೊಳಗಿನ ಚಕ್ರ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಗಾಳಿ ಹೆಚ್ಚಾದಷ್ಟು ಪೆಟ್ರೋಲೂ ಹೆಚ್ಚಬೇಕು, ಇಲ್ಲದಿದ್ದರೆ ಒಳಗೆ ಕಾವು ಏರಿ ಪಿಸ್ಟನ್ನೇ ಕರಗುತ್ತದೆ. ಇದನ್ನು ಕೂರಿಸಿ ಕಾರು ಓಡಿಸಿದರೆ ಗ್ಯಾರೇಜು ನಿನ್ನ ಹೆಸರಿಗೆ ಎಂದರು ಹಾಲೇಶಪ್ಪ, ದುರುಗಪ್ಪನಿಗೆ. ಗ್ಯಾರೇಜು ಅವನದಾದರೆ ಕತ್ತಲಗೆರೆಯಲ್ಲಿರುವ ನಿನ್ನ ಅಣ್ಣನ ಹತ್ತಿರ ನಿಮ್ಮ ಮದುವೆಯ ಮಾತಾಡುತ್ತೇನೆ, ಇಲ್ಲವಾದರೆ ಸಾಸ್ವೆಹಳ್ಳಿಯಿಂದ ಬಂದಿರುವ ಸಂಬಂಧವೇ ಗಟ್ಟಿ ಎಂದಳು ಲಕ್ಷ್ಮಮ್ಮ. ಓಬವ್ವನ ಬದುಕು ಹೀಗೆ ಒಂದು ಫಿಯೆಟ್ಟಿನ ಬಾನೆಟ್ಟಿನೊಳಗೆ ಹೋಗಿ ಕೂತಿತು.

ಪೆಟ್ರೋಲ್ ಕೊಡುವುದು ಹೇಗೆ ಎಂಬುದೇ ಪ್ರಶ್ನೆ. ತಾನೇ ಅಳೆದು ಸಿಂಪಡಿಸುವ ಫಾರಿನ್ ಸಾಮಾನು ಬೆಂಗಳೂರಿನಲ್ಲಿತ್ತು. ಬೆಲೆ ಕೇಳಿ ಹಾಲೇಶಪ್ಪ ನಕ್ಕುಬಿಟ್ಟರು. ಕಾರ್ಬ್ಯುರೇಟರಿನ ತೂತು ದೊಡ್ಡದು ಮಾಡಿದರೆ ಕಾರು ಸದಾ ಕುಡಿದು ಕೆಮ್ಮುತ್ತಿತ್ತು. ಕೊನೆಗೆ ದುರುಗಪ್ಪ ಹಾಸಿಗೆ ಇದ್ದಷ್ಟು ಕಾಲು ಚಾಚಿದ. ಟರ್ಬೊ ಬಾಯಿಗೆ ಇನ್ನೊಂದು ಸಣ್ಣ ಪೆಟ್ರೋಲ್ ಪೈಪು, ಅದನ್ನು ತೆರೆದು ಮುಚ್ಚಲು ಎಡಗಡೆ ಸೀಟಿನ ಮುಂದೆ ನಲ್ಲಿಯಂಥ ಒಂದು ಕಾಕ್. ಎಂಜಿನ್ ಒಳಗೆ ಚಟಪಟ ಸಿಡಿದರೆ ತೆರೆಯಬೇಕು, ಸಿಡಿತ ನಿಂತರೆ ಮುಚ್ಚಬೇಕು. ಖರ್ಚಿಲ್ಲ. ಕೇಳುವ ಕಿವಿಯೊಂದು ಬೇಕು, ಅಷ್ಟೆ.

ಕಾದ ಮರಳಿನಲ್ಲಿ ಅಕ್ಕಿ ಸಿಡಿಯುವುದನ್ನು ಕೇಳುತ್ತಲೇ ಬೆಳೆದವಳು ಓಬವ್ವ. ಆ ಸಿಡಿತ ಅವಳಿಗೆ ಹೊಸದಾಗಿರಲಿಲ್ಲ. ಬೆಳಗಿನ ತಂಪಿನಲ್ಲಿ ನ್ಯಾಮತಿ ರಸ್ತೆಯಲ್ಲಿ ಕಾರು ಓಡಿತು. ಅವನ ಕಾಲು ಆಕ್ಸಿಲರೇಟರಿನ ಮೇಲೆ, ಅವಳ ಕೈ ಕಾಕಿನ ಮೇಲೆ. ಊರ ಬಾಯಿಗೆ ಒಳ್ಳೆಯ ಮೇವು ಸಿಕ್ಕಿತು. ಅವಳು ಲೆಕ್ಕಿಸಲಿಲ್ಲ. ರಸ್ತೆಯ ಮೇಲೆ ಕಣ್ಣಿಟ್ಟವನಿಗೆ ಅವಳ ತುಟಿ ಕಾಣುತ್ತಿರಲಿಲ್ಲ, ಆದ್ದರಿಂದ ಏನು ಬೇಕಾದರೂ ಹೇಳಬಹುದಿತ್ತು. ಎಲ್ಲವನ್ನೂ ಹೇಳಿದಳು. ಅವನು ಸುಮ್ಮನೆ ಗೇರ್ ಬದಲಿಸಿದ.

ಕಾರು ತೋರಿಸುವ ದಿನ ಗ್ಯಾರೇಜಿನ ಮುಂದೆ ಜನ ಸೇರಿದರು. ಹಾಲೇಶಪ್ಪ, ಹೆಣ್ಣುಮಕ್ಕಳಿಗೆ ಇಲ್ಲೇನು ಕೆಲಸ ಎಂದು ಅವಳನ್ನು ಇಳಿಸಿ, ಎಡಗಡೆ ತಾವೇ ಕೂತರು. ಸದ್ದಾದರೆ ಕಾಕ್ ತೆರೆಯಿರಿ ಎಂದು ದುರುಗಪ್ಪ ತಿಳಿಸಿದ. ಪೆಟ್ರೋಲನ್ನು ನೀರಿನಂತೆ ಸುರಿಯಲು ತಮ್ಮ ಮನೆಯಲ್ಲಿ ಬಾವಿ ಇಲ್ಲ ಎಂದು ಅವರು ಕಾಕನ್ನು ಬಿಗಿಯಾಗಿ ಮುಚ್ಚಿದರು. ಕೆಂಪಗೆ ಕಾಯುವ ಟರ್ಬೊ, ಅದರ ಮಗ್ಗುಲಲ್ಲೇ ಪೆಟ್ರೋಲ್ ಪೈಪು. ಪಿಸ್ಟನ್ ಒಡೆದರೆ ಕಾರು ಉರಿಯುತ್ತದೆಂದು ಅವನೇ ಅವಳಿಗೆ ಹೇಳಿದ್ದ. ಆದರೂ ದುರುಗಪ್ಪ ಅವಳತ್ತ ನೋಡದೆ ಸ್ಟಾರ್ಟ್ ಮಾಡಿದ.

ಓಬವ್ವ ಎಡಗಡೆಯ ಕಿಟಕಿಗೆ ಓಡಿದಳು.

"ಇಳೀರಿ ಸಾವ್ಕಾರ್ರೇ. ಇವ್ರಿಗೆ ಕಿವಿ ಕೇಳಲ್ಲ. ಸದ್ದು ಕೇಳ್ತಿದ್ದಿದ್ದು ನಾನು."

ಆಡಿದ ಮೇಲೆ ತಲೆಯೆತ್ತಿದಳು. ಹಾಲೇಶಪ್ಪನವರ ಹೆಗಲಾಚೆಯಿಂದ ದುರುಗಪ್ಪ ಅವಳ ತುಟಿಗಳನ್ನೇ ನೋಡುತ್ತಿದ್ದ.

ಹಾಲೇಶಪ್ಪ ಎಂಜಿನ್ ನಿಲ್ಲಿಸಿ ಅವನನ್ನು ಕೆಳಗಿಳಿಸಿದರು. ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಹಿಂದಿನಿಂದ ಅಳಿಯನ ಕೈಯಲ್ಲಿ ಹೆಸರು ಹಿಡಿದು ಕೂಗಿಸಿದರು. ಆಮೇಲೆ ತಾಯಿಯ ಹೆಸರು ಹಿಡಿದು ಬೈಸಿದರು. ದುರುಗಪ್ಪ ತಿರುಗಲಿಲ್ಲ. ಜನ ನಕ್ಕರು. ನಗುವವರ ನಡುವೆ ಓಬವ್ವ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ಅವನನ್ನು ಆ ಗೋಡೆಗೆ ನಿಲ್ಲಿಸಿದವಳು ತಾನೇ ಎಂದು ಅವಳಿಗೆ ಗೊತ್ತಿತ್ತು.

ಕೆಲಸ ಅಲ್ಲಿಗೆ ಹೋಯಿತು. ಅದೇ ಮಧ್ಯಾಹ್ನ ಅಳಿಯ ಕಾಕ್ ಮುಚ್ಚಿಕೊಂಡೇ ಕಾರು ಓಡಿಸಿದ. ನ್ಯಾಮತಿ ಮುಟ್ಟುವ ಮೊದಲೇ ಎಂಜಿನ್ ಒಡೆದು ಬೆಂಕಿ ಹತ್ತಿತು. ಅವನು ಸುಟ್ಟ ಕೈಗಳೊಂದಿಗೆ ಹೊರಗೆ ಬಿದ್ದು ಉಳಿದ. ಕಿವುಡ ಕಟ್ಟಿದ ಕಾರು ಇನ್ನೇನಾದೀತು ಎಂದರು ಊರವರು. ಮುಚ್ಚಿದ್ದ ಕಾಕಿನ ಸುದ್ದಿ ಯಾರೂ ಎತ್ತಲಿಲ್ಲ.

ಸಂಜೆ ಓಬವ್ವ ಶೆಡ್ಡಿಗೆ ಹೋದಾಗ ದುರುಗಪ್ಪ ಊರು ಬಿಡಲು ಬಟ್ಟೆಗಂಟು ಕಟ್ಟುತ್ತಿದ್ದ. ಎದುರಿಗೆ ಬಂದು ನಿಂತಳು.

"ಕಾರು ಸುಡ್ತಿತ್ತು. ಒಳಗೆ ನೀವಿದ್ರಿ."

"ಗೊತ್ತಿತ್ತು."

"ಗೊತ್ತಿದ್ದೂ ಸ್ಟಾರ್ಟ್ ಮಾಡಿದ್ರಾ?"

"ನಾಕ್ ಜನದಾಗೆ ಕಿವುಡ ಅನ್ನಿಸ್ಕಳಾದಕ್ಕಿಂತ ಅದೇ ವಾಸಿ ಅನ್ನಿಸ್ತು."

ಅವಳಿಗೆ ಭಯವಾಯಿತು. ಪ್ರೀತಿಸಿದವನ ಬಗ್ಗೆ ಹುಟ್ಟಿದ ಮೊದಲ ಭಯ ಅದು. ತಾನು ಮಾಡಿದ್ದು ತಪ್ಪಾ ಎಂದು ಕೇಳಿದಳು.

"ಹೇಳಿದ್ದು ತಪ್ಪಲ್ಲ. ನಾನು ಅಲ್ಲೇ ಕುಂತಿದ್ನಲ್ಲ ಓಬವ್ವ, ನನ್ ತೋಳು ಹಿಡ್ದು, ನೀವೇ ಹೇಳ್ರಿ ಅನ್ಬೋದಿತ್ತು. ಕಿವುಡ್ರು ಇದ್ದಾಗ ಜನ ಹಂಗೇ, ಅವ್ರ ತಲೆ ಮ್ಯಾಲಿಂದ ಮಾತಾಡ್ತಾರೆ. ನೀನೂ ಮಾತಾಡ್ದೆ."

ಅವನು ಮುಖ ತಿರುಗಿಸಿಕೊಂಡ. ತಿರುಗಿದವನಿಗೆ ಏನು ಹೇಳಿದರೂ ಮುಟ್ಟುವಂತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಓಬವ್ವನಿಗೆ ಆ ಸಂಜೆ ಎರಡೂ ಹೋಗಿದ್ದವು.

ಮರುದಿನ ಬೆಳಗ್ಗೆ ಸಾಸ್ವೆಹಳ್ಳಿಯವರು ಹೆಣ್ಣು ನೋಡಲು ಬರುವುದಿತ್ತು. ದುರುಗಪ್ಪನ ಜೊತೆ ಹೋಗುತ್ತೇನೆಂದು ಅವಳು ಚಿಕ್ಕಮ್ಮನಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ಹೋದರೆ ಈ ಹೊಸ್ತಿಲು ಮರೆತುಬಿಡು ಎಂದಳು ಲಕ್ಷ್ಮಮ್ಮ, ಮತ್ತು ಅಳುತ್ತಾ ಒಳಗೆ ಹೋದಳು. ಓಬವ್ವ ಎರಡು ಸೀರೆ ಚೀಲಕ್ಕೆ ತುರುಕಿ, ಹೊರಡುತ್ತಿದ್ದ ಜಗಳೂರು ಬಸ್ಸು ಹತ್ತಿ, ದುರುಗಪ್ಪನ ಪಕ್ಕದಲ್ಲಿ ಕೂತಳು. ಅವನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದ.

ಕಂಡಕ್ಟರು ಬಂದು ಅವನನ್ನು ಎಲ್ಲಿಗೆ ಎಂದು ಕೇಳಿದ. ಮತ್ತೆ ಜೋರಾಗಿ ಕೇಳಿದ. ಉತ್ತರ ಬಾರದೆ ಓಬವ್ವನತ್ತ ಬಗ್ಗಿದ. "ಇವ್ರು ಎಲ್ಲಿಗಮ್ಮಾ?"

ಊರಿನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅವಳು ನುಂಗಿಕೊಂಡಳು. ದುರುಗಪ್ಪನ ತೋಳು ಮುಟ್ಟಿ, ಅವನು ತಿರುಗಿದ ಮೇಲೆ ಕಂಡಕ್ಟರನ ಕಡೆ ತೋರಿಸಿದಳು.

ಬಸ್ಸು ತುಂಬಾ ಜನ. ಮುಂದಿನ ಸೀಟಿನವರೂ ತಿರುಗಿ ನೋಡುತ್ತಿದ್ದರು.

"ನಂಗೆ ಕಿವಿ ಕೇಳಲ್ಲ ರೀ," ಎಂದ, ಎಲ್ಲರಿಗೂ ಕೇಳುವಂತೆ. "ಮುಖ ಇತ್ಲಾಗೆ ಮಾಡಿ ಕೇಳ್ರಿ."

ಕಂಡಕ್ಟರು ನಿಧಾನವಾಗಿ ಮತ್ತೆ ಕೇಳಿದ.

"ಜಗಳೂರು," ಎಂದ ದುರುಗಪ್ಪ. ಓಬವ್ವನ ಮಡಿಲಲ್ಲಿದ್ದ ಚೀಲವನ್ನು ನೋಡಿದ, ಅವಳ ಮುಖ ನೋಡಿದ.

"ಎರಡು ಕೊಡ್ರಿ."