ಇನ್ನೆರಡು ಬಿಸಿಲು

"ಬಾಯಿ ತೆಗೀರಿ" ಎಂದ ಹಲ್ಲಿನ ಡಾಕ್ಟರ್.

ತೆಗೆದಳು. ಅವನು ರೂಟ್ ಕೆನಾಲ್ ಮಾಡಿ ಐದು ತಿಂಗಳಾಗಿತ್ತು; ನೋವೆಂದು ಅವಳು ಈ ಕುರ್ಚಿಗೆ ವಾಪಸು ಬಂದದ್ದು ಏಳನೆಯ ಸಲ. ಮೇಲಿನ ಎಡದವಡೆಯ ಹಲ್ಲನ್ನು ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟಿದ. ಅವಳ ಕಾಲ್ಬೆರಳುಗಳು ಮಡಚಿಕೊಂಡವು.

"ನೋವಾ?"

"ಇಲ್ಲ, ಕಚಗುಳಿ."

ಮಾಸ್ಕಿನ ಮೇಲಿನ ಕಣ್ಣುಗಳು ನಗಲೋ ಬೇಡವೋ ಎಂದು ತಡೆದು ನಿಂತವು. ಅವನ ಮುಖದಲ್ಲಿ ಅವಳು ಕಂಡದ್ದು ಆ ಕಣ್ಣಷ್ಟೇ, ರೆಪ್ಪೆಯ ಮೇಲಿನ ಸಣ್ಣ ಮಚ್ಚೆ ಸಹಿತ. ಚಿಕ್ಕಮ್ಮ ಹಂಗಿಸುತ್ತಿದ್ದಳು: "ವಾಸಿ ಮಾಡಿದ್ರೆ ನೀನು ಬರೋದು ನಿಂತ್ಹೋಗುತ್ತಲ್ಲ ಕಣೆ, ಅದಕ್ಕೇ ಎಳೀತಿದಾನೆ!"

ಅವಳಿಗೆ ಅದು ನಗುವ ಮಾತಾಗಿರಲಿಲ್ಲ. ಧಾನ್ಯದ ಗೋದಾಮಿನಲ್ಲಿ ಅವಳ ಕೆಲಸ. ಗಾಡಿ ಬಂದೊಡನೆ ಚೀಲಕ್ಕೆ ಕೈಹಾಕಿ, ಒಂದು ಜೋಳದ ಕಾಳನ್ನು ಅದೇ ಹಲ್ಲಿಗಿಟ್ಟು ಕಚ್ಚುವಳು. ಕಟಕ್ಕೆಂದರೆ ಒಳಗೆ. ಮೆತ್ತಗೆ ಒಡೆದರೆ "ಇನ್ನೆರಡು ಬಿಸಿಲು" ಎಂದು ಒಣಗಿಸಲು ವಾಪಸು. ಹಸಿ ಕಾಳು ಒಳಗೆ ಹೋದರೆ ಕಾವು ಕೂತು ರಾಶಿಯೇ ಕೆಡುತ್ತದೆ. ತೇವ ಅಳೆಯುವ ಯಂತ್ರವೂ ಇತ್ತು. ರೈತರು ನಂಬುತ್ತಿದ್ದದ್ದು ಅವಳ ಹಲ್ಲನ್ನು. 'ಮೀಟರ್' ಎಂದೇ ಕರೆಯುತ್ತಿದ್ದರು. ನೋವು ತಾಳದೆ ಬಲಗಡೆ ಕಚ್ಚಿ ನೋಡಿದ್ದಳು. ಬೇರೆಯವರ ಬಾಯಲ್ಲಿ ಕಚ್ಚಿದ ಹಾಗಿತ್ತು. ಹೋದ ವಾರ ಹಾಗೆ ಕಚ್ಚಿ ಹಸಿ ಕಾಳನ್ನು ಒಳಗೆ ಬಿಟ್ಟದ್ದರಿಂದ ನಲವತ್ತು ಚೀಲ ಮುಗ್ಗಿದವು. ಇನ್ನೊಮ್ಮೆ ಹೀಗಾದರೆ ಯಂತ್ರವೇ ಸಾಕು ಎಂದಿದ್ದ ಯಜಮಾನ.

"ಮೆತ್ತನೆಯದು ತಿನ್ನಿ ಅಂದಿದ್ನಲ್ಲ, ಕಾಳು ತಿಂದ್ರಾ?"

"ತಿನ್ನಲಿಲ್ಲ. ಕಚ್ಚಿ ಉಗಿದೆ."

"ಎಷ್ಟು?"

"ದಿನಕ್ಕೆ ಹತ್ತೋ ಹದಿನೈದೋ. ವಾಸಿ ಆಯ್ತಾ ಅಂತ ನೋಡೋದು ಬೇಡ್ವಾ?"

ಅವನು ಕನ್ನಡಿಯನ್ನು ತಟ್ಟೆಗೆ ಠಣ್ಣೆಂದು ಹಾಕಿದ. "ನೀವೇ ಕೆಡಿಸ್ಕೋತೀರಿ, ನೀವೇ ಬರ್ತೀರಿ. ಇನ್ನು ಕೀಳೋದೊಂದೇ ದಾರಿ!"

"ಕಿತ್ತು ನಿಮ್ಮ ಹಲ್ಲು ಕೊಡ್ತೀರಾ?"

ಕೊರಳಿನ ಬಟ್ಟೆ ಕಿತ್ತಿಟ್ಟು ಹೊರಟೇಬಿಟ್ಟಳು.

ಒಂಬತ್ತು ದಿನ ಆ ಬೀದಿಗೇ ಕಾಲಿಡಲಿಲ್ಲ. ಉಪ್ಪುನೀರು ಮುಕ್ಕಳಿಸಿದಳು, ಚಿಕ್ಕಮ್ಮನ ಮೇಲೆ ರೇಗಿದಳು. ಹಲ್ಲಿನ ನೋವು ಯಾವುದು, ಆ ಮಾತಿನ ನೋವು ಯಾವುದು ಎಂದು ಬೇರೆ ಮಾಡಲಾಗದೆ ಇನ್ನಷ್ಟು ರೇಗಿದಳು.

ಹತ್ತನೆಯ ಬೆಳಿಗ್ಗೆ ಗೋದಾಮಿನ ಬಾಗಿಲಲ್ಲಿ ಒಬ್ಬ ನಿಂತಿದ್ದ. ಮಚ್ಚೆ ನೋಡಿಯೇ ಗುರುತು ಹತ್ತಿದ್ದು. ಮಾಸ್ಕಿಲ್ಲದ ಬಾಯಲ್ಲಿ ಮುಂದಿನ ಹಲ್ಲೊಂದು ಸೊಟ್ಟ. ಹಲ್ಲಿನ ಡಾಕ್ಟರಿಗೇ!

ಅವನು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದ. "ನಮ್ಮ ಡೆಂಟಲ್ ಕಾಲೇಜಿನ ಮೇಷ್ಟ್ರಿಗೆ ತೋರಿಸ್ದೆ. ನಿಮ್ಮ ಹಲ್ಲಿನ ಬೇರಲ್ಲಿ ನಾಲ್ಕು ಕಾಲುವೆ ಇದೆಯಂತೆ. ನಾನು ತೊಳೆದು ಮುಚ್ಚಿದ್ದು ಮೂರು. ಒಂದು ಕೂದಲೆಳೆಯಷ್ಟು ಸಣ್ಣದು, ಕಾಣಲಿಲ್ಲ. ತಪ್ಪು ನಿಮ್ಮ ಕಾಳಿನದಲ್ಲ, ನನ್ನದು."

"ಐದು ತಿಂಗಳು."

"ಹೌದು."

"ನಲವತ್ತು ಚೀಲ."

ಅವನು ತಲೆ ತಗ್ಗಿಸಿದ. "ನಾಳೆ ಮೇಷ್ಟ್ರೇ ಸರಿ ಮಾಡ್ತಾರೆ. ನೀವು ಎದುರಿಗಿದ್ರೆ ನನ್ನ ಗಮನ ಹಲ್ಲಿನ ಮೇಲೆ ನಿಲ್ಲಲ್ಲ. ಇನ್ಮೇಲೆ ನಾನು ನಿಮ್ಮ ಡಾಕ್ಟ್ರಲ್ಲ. ಅದಕ್ಕೇ ಕೇಳ್ತಿದೀನಿ... ನನ್ನ ಮದುವೆ ಆಗ್ತೀರಾ?"

ಚೀಲ ಹೊತ್ತು ಬರುತ್ತಿದ್ದ ಹಮಾಲಿ ಹೊತ್ತಂತೆಯೇ ನಿಂತ. ಅವಳಿಗೆ ಎಲ್ಲಿತ್ತೋ ಸಿಟ್ಟು ಬಂತು. ಕ್ಷಮೆ ಕೇಳುವ ಬಾಯಲ್ಲೇ ಇದನ್ನೂ ಕೇಳುವುದೇ?

"ನಿಮಗಿನ್ನೂ ಎರಡು ಬಿಸಿಲು ಬೇಕು. ಹಸೀದನ್ನ ಒಳಗೆ ಬಿಟ್ಟು ಒಂದ್ಸಲ ಅನುಭವಿಸಿದೀನಿ."

ಮೇಷ್ಟ್ರು ಹಲ್ಲು ತೆರೆದು, ಆ ನಾಲ್ಕನೆಯದನ್ನೂ ತೊಳೆದು ಮುಚ್ಚಿದರು. ನೋವು ಇಳಿಯಿತು. ಆದರೆ ಅಂದೇ ಮೋಡ ಕವಿದು, ಎಂಟು ದಿನ ಸೂರ್ಯನ ಮುಖವೇ ಇಲ್ಲ. ದಿನಾ ಬೆಳಿಗ್ಗೆ ಅವನು ಬರುವನು, ಆಕಾಶ ನೋಡುವನು, ಅವಳನ್ನು ನೋಡುವನು, ಹೊರಡುವನು. ಆ ಹಾಳು ಮೋಡವನ್ನು ಅವಳು ಮನಸ್ಸಿನಲ್ಲೇ ಬೈದಳು.

ಹಲ್ಲಿಗೆ ಕ್ಯಾಪ್ ಕೂರಿಸಿದ ಮರುದಿನ ಎಡಗಡೆ ಒಂದು ಕಾಳಿಟ್ಟು, ಹೆದರಿ ಹೆದರಿ ಕಚ್ಚಿದಳು. ಕಟಕ್. ನೋವಿಲ್ಲ. ತಲೆಯೆತ್ತಿದರೆ ಅವನು ಆಗಲೇ ಆಕಾಶ ನೋಡಿ ಹಿಂದಿರುಗುತ್ತಿದ್ದ.

"ಡಾಕ್ಟ್ರೇ! ಬಿಸಿಲಿಲ್ದಿದ್ರೆ ನಾವು ಸೂರಿನಡಿಯೇ ಹರಡಿ ಆರಿಸ್ತೀವಿ. ಅಷ್ಟೂ ಗೊತ್ತಿಲ್ವಾ?"

ಅವನು ನಿಂತ.

"ಒಳಗೆ ಬನ್ನಿ. ಚಪ್ಪಲಿ ಅಲ್ಲೇ ಬಿಡಿ, ಕಾಳಿದೆ."