ಮ್ಯಾಡ್ರಿಡ್ ಮೇಷ್ಟ್ರ ಕನ್ನಡಕ

ಶಾಲೆಯ ಮೇಷ್ಟ್ರಾದ ನೌಫಲ್ ಕಣ್ಣಿನ ಪರೀಕ್ಷೆಗೆ ಬಂದದ್ದು ಕಣ್ಣು ನೋಯುತ್ತಿದೆಯೆಂದಲ್ಲ, ಕಾಫಿ ಅಂಗಡಿಯಲ್ಲಿ ಮರ್ಯಾದೆ ಹೋಯಿತೆಂದು. ಹಿಂದಿನ ಸಂಜೆ ಕ್ವಾರ್ಟರ್ ಫೈನಲ್‌ನ ಎರಡು ಪಂದ್ಯಗಳಲ್ಲಿ ಮೊದಲನೆಯದರಲ್ಲಿ ಮ್ಯಾಡ್ರಿಡ್ ಹೊಡೆದ ಗೋಲು ಆಫ್‌ಸೈಡ್ ಎಂದಾಗ, ಅಲ್ಲವೇ ಅಲ್ಲ ಎಂದು ಅವನೊಬ್ಬನೇ ಎದ್ದುನಿಂತು ವಾದಿಸಿದ್ದ. ಮೇಷ್ಟ್ರು ಮೊದಲು ಕಣ್ಣು ತೋರಿಸಿಕೊಳ್ಳಲಿ ಎಂದು ಅವನ ಪಕ್ಷದವರೇ ನಕ್ಕಿದ್ದರು.

ಹೆಣ್ಣು ಕೊಡುವ ಮುನ್ನ ಹುಡುಗ ಬಾರ್ಸಾನೋ ಮ್ಯಾಡ್ರಿಡೋ ಎಂದು ವಿಚಾರಿಸುವ ಮನೆಗಳು ತೆತುವಾನ್ ಊರಿನಲ್ಲಿ ಕಡಿಮೆಯೇನಿಲ್ಲ. ಅವನ ಕಣ್ಣು ನೋಡಬೇಕಿದ್ದ ಫಿರ್ದೌಸ್‌ಳ ಮನೆ ಅಂಥದ್ದು. ಅವಳ ತಂದೆ ಹಾಜಿ ಮುಫದ್ದಲ್ ಬಾರ್ಸಲೋನಾ ಭಕ್ತರು. ಮ್ಯಾಡ್ರಿಡ್ ಕಡೆಗಿದ್ದಾನೆಂಬ ಒಂದೇ ಕಾರಣಕ್ಕೆ ಸ್ವಂತ ಭಾವಮೈದುನನ ಜೊತೆ ಏಳು ವರ್ಷದಿಂದ ಮಾತು ಬಿಟ್ಟವರು. ಅವರ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವುದು ಮಗಳ ಕೆಲಸ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಗಿರಾಕಿಯ ಪಕ್ಷ ಪತ್ತೆಹಚ್ಚುವುದು ಅಪ್ಪನ ಕೆಲಸ.

ಆ ಬೆಳಿಗ್ಗೆ ಅಪ್ಪ ತಿಂಡಿಗೆ ಹೋಗಿದ್ದರು.

ಫಿರ್ದೌಸ್ ಪುಟ್ಟ ದೀಪ ಹಿಡಿದು ಅವನ ಮುಖದ ಹತ್ತಿರ ಬಾಗಿದಳು. ಅಲುಗಾಡದೆ ತನ್ನ ಕಿವಿಯನ್ನೇ ನೋಡುತ್ತಿರಬೇಕೆಂದು ಹೇಳಿದಳು. ಅವನು ಕಿವಿ ನೋಡಿದ. ಕಿವಿಯ ಪಕ್ಕದಲ್ಲಿ ತಲೆವಸ್ತ್ರದಿಂದ ತಪ್ಪಿಸಿಕೊಂಡಿದ್ದ ಒಂದೆಳೆ ಕೂದಲನ್ನೂ ನೋಡಿದ. ಕೆನ್ನೆಯ ಕಡೆಗೆ ಸರಿಯುವಷ್ಟರಲ್ಲಿ ಅವನ ದೃಷ್ಟಿ ಸಿಕ್ಕಿಬಿತ್ತು.

"ಕಿವಿ ಅಂದೆ, ಮೇಷ್ಟ್ರೇ."

"ಅದೇ ಹುಡುಕ್ತಾ ಇದೀನಿ. ಕಣ್ಣು ಸರಿ ಇಲ್ವಲ್ಲ."

ಅವಳು ನಗು ನುಂಗಿದಳು. ಎಡಗಣ್ಣು ನಿಜವಾಗಿಯೂ ಮಂದವಾಗಿತ್ತು.

ಶನಿವಾರ ಕನ್ನಡಕ ಸಿದ್ಧವಾಯಿತು. ಅವಳೇ ಅದನ್ನು ಅವನ ಕಿವಿಗೇರಿಸಿ, ಫೋನಿನಲ್ಲಿ ಆ ಗೋಲನ್ನು ತೋರಿಸಿದಳು. ಅವನು ಮೂರು ಸಲ ನೋಡಿದ.

"ಆಫ್‌ಸೈಡೇ. ಭುಜ ಮುಂದಿದೆ. ತಪ್ಪು ನಂದೇ."

ಫುಟ್‌ಬಾಲ್ ವಿಷಯದಲ್ಲಿ ಗಂಡಸೊಬ್ಬ ತಪ್ಪು ತನ್ನದೆಂದು ಒಪ್ಪಿಕೊಂಡದ್ದನ್ನು ಫಿರ್ದೌಸ್ ತನ್ನ ಇಪ್ಪತ್ತೆಂಟು ವರ್ಷದ ಬದುಕಿನಲ್ಲಿ ಕೇಳಿರಲಿಲ್ಲ. ಅವಳ ಎದೆಯಲ್ಲಿ ಏನೋ ಮೆಲ್ಲಗೆ ಜಾಗ ಬದಲಿಸಿತು.

ಆಮೇಲೆ ನೌಫಲನ ಮೂಗಿಗೆ ತೊಂದರೆಗಳು ಶುರುವಾದವು. ಅದೇ ಸಂಜೆ ಕನ್ನಡಕ ಬಿಗಿಯಾಯಿತು, ಸೋಮವಾರ ಸಡಿಲವಾಯಿತು, ಮಂಗಳವಾರ ಒಂದು ಕಡೆಗೆ ವಾಲಿತು. ಇಷ್ಟು ದಿನ ಹೇಗೆ ಉಸಿರಾಡುತ್ತಿತ್ತೋ ಈ ಮೂಗು ಎಂದು ಹಾಜಿಯವರು ಪತ್ರಿಕೆಯ ಹಿಂದಿನಿಂದಲೇ ಗೊಣಗಿದರು. ಮೂಗಿನ ಹೆಸರಿನಲ್ಲಿ ಒಳಗೆ ಇಬ್ಬರೂ ಆಡುತ್ತಿದ್ದದ್ದು ಬರೀ ಆಟದ ಮಾತು: ಯಾವ ಕೋಚ್ ಹೆದರುಪುಕ್ಕಲ, ಯಾರನ್ನು ಬೆಂಚಿನಲ್ಲಿ ಕೂರಿಸಬೇಕಿತ್ತು. ಅವಳು ಅವನಿಗಿಂತ ಚೆನ್ನಾಗಿ ಬಲ್ಲವಳು. ಅದನ್ನೂ ಅವನು ಒಪ್ಪಿಕೊಂಡ.

ಮಂಗಳವಾರವೇ ಅವನು ತಗ್ಗಿದ ದನಿಯಲ್ಲಿ, ಭಾನುವಾರ ಹೆಣ್ಣು ಕೇಳಲು ತನ್ನ ಅಮ್ಮನನ್ನು ಅವಳ ಮನೆಗೆ ಕರೆತರಬಹುದೇ ಎಂದು ಕೇಳಿದ. ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತಿತು. ಬೇಡ ಎನ್ನಲಿಲ್ಲ, ಲೆಕ್ಕಾಚಾರ ಹೇಳಿದಳು. ಅದೇ ಮಂಗಳವಾರ ಸಂಜೆ ಬಾರ್ಸಾ ಸೆಮಿಫೈನಲ್ ತಲುಪುವುದು ಖಂಡಿತ. ಮರುದಿನ ಎರಡನೇ ಪಂದ್ಯದಲ್ಲಿ ಮ್ಯಾಡ್ರಿಡ್ ಕೂಡ ಗೆದ್ದರೆ ಸೆಮಿಫೈನಲ್ಲಿನಲ್ಲಿ ಎರಡೂ ಮುಖಾಮುಖಿ. ಹಾಗಾದರೆ ತನ್ನಪ್ಪ, ಬಾಬಾ, ಮ್ಯಾಡ್ರಿಡ್‌ನವನನ್ನು ಹೊಸಿಲು ದಾಟಲು ಬಿಡುವುದಿಲ್ಲ. ಆ ಪಂದ್ಯದಲ್ಲಿ ಬಾರ್ಸಾ ಸೋತರೆ, ಭಾವಮೈದುನನ ಗತಿಯೇ ಅಳಿಯನಿಗೂ.

ಅವನು ಕುರ್ಚಿಯಿಂದ ಎದ್ದುನಿಂತ.

"ನೀವು ಏನು ಕೇಳಿದ್ರೂ ಮಾಡ್ತೀನಿ. ನಮ್ಮ ಟೀಮ್ ಸೋಲ್ಲಿ ಅಂತ ಮಾತ್ರ ಬೇಡ್ಕೊಳ್ಳಲ್ಲ."

"ಬೇಡ್ಕೊಂಡಿದ್ರೆ ನಾನೇ ಬೇಡ ಅಂತಿದ್ದೆ," ಎಂದಳು ಅವಳು.

ಮಂಗಳವಾರ ಬಾರ್ಸಾ ಗೆದ್ದಿತು. ಬುಧವಾರ ಮ್ಯಾಡ್ರಿಡ್ ಸೋತು ಹೊರಬಿತ್ತು.

ಗುರುವಾರ ಬೆಳಿಗ್ಗೆ ಅವನು ಬಂದಾಗ ಮುಖ ಹಿಂಡಿದ ನಿಂಬೆಹಣ್ಣಿನಂತಿತ್ತು. ಹಾಜಿಯವರು ಬೆಳಗಿನ ಜಾವದ ಫಜ್ರ್ ನಮಾಜಿನಿಂದಲೂ ಈ ಗಳಿಗೆಗಾಗಿ ಕಾದಿದ್ದರು. ಚುಚ್ಚುಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಿದ್ದರು. ಮೊದಲನೆಯದಾಗಿ, ತಪ್ಪು ರೆಫರಿಯದೋ ಮಳೆಯದೋ ಎಂದು ಕೇಳಿದರು.

"ಯಾರದೂ ಅಲ್ಲ, ಹಾಜಿಯವರೇ. ಅವರು ಚೆನ್ನಾಗಿ ಆಡಿದ್ರು. ನಾವು ಆಡ್ಲಿಲ್ಲ."

ಅಂಥ ಉತ್ತರಕ್ಕೆ ಹಾಜಿಯವರ ಬಳಿ ಒಂದು ಚುಚ್ಚುಮಾತೂ ಇರಲಿಲ್ಲ. ಅತ್ತಿತ್ತ ನೋಡಿದರು, ಗಡ್ಡ ಕೆರೆದುಕೊಂಡರು. ಕೊನೆಗೆ ತಮ್ಮ ಕುರ್ಚಿಯಿಂದೆದ್ದು ಅದನ್ನೇ ಅವನ ಕಡೆಗೆ ತಳ್ಳಿದರು.

"ಕೂತ್ಕೊಳ್ಳಿ. ಸಾವಿನ ಮನೆಯಿಂದ ಬಂದೋರ ಹಾಗೆ ನಿಂತ್ಕೋಬೇಡಿ. ಭಾನುವಾರ ತಾಯಿಯವರನ್ನ ಕರ್ಕೊಂಡು ಬನ್ನಿ. ನನಗೇನೂ ಗೊತ್ತಾಗಲ್ಲ ಅಂದ್ಕೊಂಡ್ರಾ?" ಎಂದವರು, ಪುದೀನ ಚಹಾ ತರುತ್ತೇನೆಂದು ಬೀದಿಗೆ ಇಳಿದರು.

ಅಂಗಡಿಯಲ್ಲಿ ಇಬ್ಬರೇ ಉಳಿದರು. ನೌಫಲನಿಗೆ ನಗಬೇಕೋ ಅಳಬೇಕೋ ತಿಳಿಯದು. ಫಿರ್ದೌಸ್ ಬಾಗಿಲ ಕಡೆ ಒಮ್ಮೆ ನೋಡಿ ಹತ್ತಿರ ಬಂದಳು. ಕಿವಿಯ ತುದಿಯವರೆಗೂ ಕೆಂಪೇರಿದ್ದಳು.

"ಒಂದು ಹೇಳ್ತೀನಿ, ಬಾಬಾಗೆ ಗೊತ್ತಾಗ್ಬಾರ್ದು. ನಿನ್ನೆ ಕೊನೇ ಐದು ನಿಮಿಷ, ನಿಮ್ಮೋರು ಒಂದು ಗೋಲು ಹೊಡೀಲಿ ಅಂತ ಬೇಡ್ಕೊಂಡೆ. ನಿಮ್ಮ ಮುಖ ನೆನಪಾಯ್ತು, ತಡ್ಕೊಳ್ಳಕ್ಕಾಗ್ಲಿಲ್ಲ."

ಅವನು ತಲೆಯೆತ್ತಿದ.

"ಆ ಗೋಲು ಆಗಿ ನಾವು ಸೆಮಿಗೆ ಹೋಗಿದ್ರೆ ಭಾನುವಾರವೇ ಇರ್ತಿರ್ಲಿಲ್ವಲ್ಲ."

"ಗೊತ್ತಿತ್ತು," ಎಂದಳು ಫಿರ್ದೌಸ್. "ಆದ್ರೂ ಬೇಡ್ಕೊಂಡೆ."